ಭತ್ತದ ಮೇಲಿನ ನೆರಳು

ಮಾನ್ವಿಯ ಆ ರೈಸ್ ಮಿಲ್ಲಿನಲ್ಲಿ ಕುದಿಸಿದ ಭತ್ತವನ್ನು ಅಂಗಳದಲ್ಲಿ ಹರವಿ, ಹೆಂಗಸರು ಬರಿಗಾಲು ಎಳೆಯುತ್ತ ನಡೆದು ಅದನ್ನು ತಿರುವುತ್ತಾರೆ. ಮಾಳಿಗೆಯಿಂದ ನೋಡಿದರೆ ಕಾಲು ಎಳೆದ ಗೆರೆಗಳಿಂದ ಇಡೀ ಅಂಗಳ ಈಗಷ್ಟೇ ನೇಗಿಲು ಹೊಡೆದ ಹೊಲದಂತೆ ಕಾಣುತ್ತದೆ. ನಾನು ಕೆಲಸ ಮಾಡುವ ರಾಯಚೂರಿನ ಸಣ್ಣ ಸ್ಟುಡಿಯೋದವರು ನನ್ನ ಮೇಲೆ ಬಿಟ್ಟ ಮೊದಲ ಟಿವಿ ಜಾಹೀರಾತು ಈ ಮಿಲ್ಲಿನದೇ. ಆ ಗೆರೆಗಳನ್ನೇ ತೋರಿಸೋಣ ಎಂದೆ. ಜಾಹೀರಾತಿನಲ್ಲಿ ಗೆರೆ ಎಳೆಯುವವಳು ನನ್ನ ಅವ್ವ ಮಾನಮ್ಮ. ನಾನು ಹುಟ್ಟುವ ಮೊದಲಿನಿಂದಲೂ ಅವಳಿಗೆ ಅಲ್ಲೇ ಕೆಲಸ.

ಟಿವಿಯಲ್ಲಿ ಬರುತ್ತೇನೆಂದು ಅವ್ವ ಓಣಿಗೆಲ್ಲ ಹೇಳಿಬಿಟ್ಟಿದ್ದಳು. ಈಗಲೇ ಹೇಳಬೇಡ ಎಂದು ಬೇಡಿಕೊಂಡಿದ್ದೆ. ಕೊನೆಗಳಿಗೆಯಲ್ಲಿ ಏನಾದರೂ ಆದೀತೆಂಬ ಅಂಜಿಕೆ ನನ್ನನ್ನು ಬಿಡುವುದಿಲ್ಲ.

ಆದದ್ದೂ ಹಾಗೇ. ಬೆಳಿಗ್ಗೆ ಅವ್ವ ನಡೆಯುವುದನ್ನು ಕ್ಯಾಮೆರಾದಲ್ಲಿ ಹಿಡಿದು, ಅಂದೇ ಮಧ್ಯಾಹ್ನ ಮಾಳಿಗೆಯ ಮೇಲೆ ಮಿಲ್ಲಿನ ಮಾಲೀಕರಾದ ಬಸವಪ್ರಸಾದರಿಗೆ ತೋರಿಸಿದೆವು. ಅವರು ಬೈಯಲಿಲ್ಲ.

"ಕಾಲಿಂದ ತಿರುವೋದು ನನಗ ಗೊತ್ತಿಲ್ಲೇನವ್ವಾ? ಆದ್ರ ಅಕ್ಕಿ ಅಂದ್ರ ಪ್ರಸಾದ. ಟಿವಿಯಾಗ ಕಾಲು ನೋಡಿದ ಮಂದಿ ಉಣ್ತಾರೇನು? ಬ್ಯಾರೆ ತೆಗೀರಿ."

ಯಾರಾದರೂ ಚೆಂದದ ಹುಡುಗಿಯನ್ನು ಕರೆಸಿ, ಬೊಗಸೆಯಲ್ಲಿ ಅಕ್ಕಿ ಕೊಟ್ಟು ನಿಲ್ಲಿಸಿ ಎಂದೂ ಸೇರಿಸಿದರು.

ಅವ್ವನಿಗೆ ಏನು ಹೇಳಲಿ ಎಂದು ತಿಳಿಯದೆ ಮಾಳಿಗೆಯ ಮೇಲೇ ಉಳಿದೆ. ಹೊತ್ತು ಇಳಿಯುತ್ತಿತ್ತು. ಕೆಳಗೆ ಅವಳು ಇನ್ನೂ ನಡೆಯುತ್ತಿದ್ದಳು. ನೆರಳು ಅವಳಿಗಿಂತ ಮುಂದೆ, ಅಂಗಳದ ತುದಿಯವರೆಗೆ ಚಾಚಿ, ಒಂದೊಂದು ಗೆರೆಯಲ್ಲೂ ಮುರಿದು ಮತ್ತೆ ಕೂಡಿಕೊಳ್ಳುತ್ತಿತ್ತು. ಕ್ಯಾಮೆರಾ ಕಟ್ಟಿಡುತ್ತಿದ್ದ ಯಲ್ಲಾಲಿಂಗನನ್ನು ಕರೆದು, ಅವ್ವನನ್ನು ಬಿಟ್ಟು ನೆರಳನ್ನಷ್ಟೇ ಹಿಡಿ ಎಂದೆ.

ಬಸವಪ್ರಸಾದರು ಆ ನೆರಳಿನ ಚಿತ್ರವನ್ನು ಎರಡು ಸಲ ಹಾಕಿಸಿ ನೋಡಿ ಒಪ್ಪಿದರು. ನನಗೆ ಮಾತ್ರ ಸಮಾಧಾನವಿಲ್ಲ. ಜಾಹೀರಾತು ಉಳಿಯಿತು, ಅದರಲ್ಲಿ ಅವ್ವನ ಮುಖವೂ ಇಲ್ಲ, ಕಾಲೂ ಇಲ್ಲ. ಮಾನಮ್ಮ ಸುಳ್ಳು ಹೇಳಿದಳು ಎಂದು ಓಣಿಯವರು ಅಂದರೆ?

ಲೋಕಲ್ ಚಾನೆಲ್‌ನಲ್ಲಿ ಅದು ಮೊದಲು ಬಂದ ಸಂಜೆ ಪಕ್ಕದ ಮನೆಯ ತಹಮೀನಾ, ಇನ್ನೂ ನಾಲ್ಕಾರು ಹೆಂಗಸರು ನಮ್ಮ ಮನೆಯಲ್ಲೇ ಕುಳಿತಿದ್ದರು. ನಾನು ಟಿವಿ ಬಿಟ್ಟು ಅವರ ಮುಖಗಳನ್ನೇ ನೋಡುತ್ತಿದ್ದೆ. ಗೆರೆಗಳು ಬಂದವು, ನೆರಳು ನಡೆಯಿತು, ಮುಗಿಯಿತು. ಅವ್ವ ಸುಮ್ಮನೆ ಸೆರಗು ಸರಿಮಾಡಿಕೊಂಡಳು.

"ಏ ಮಾನಮ್ಮಾ," ಎಂದಳು ತಹಮೀನಾ, "ನೆರಳಿನ್ಯಾಗೂ ಒಂದು ಕೈ ಸೊಂಟದ ಮ್ಯಾಲೇ ಇಟ್ಕೊಂಡು ನಡೀತಿಯಲ್ಲಬೇ. ಮಿಲ್ಲಿನ ಸೇಠಾಣಿ ಹಂಗ."

ಎಲ್ಲರೂ ನಕ್ಕರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಆಚೆ ತಿರುಗಿದಳು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು:

"ಮತ್ತ ಯಾವಾಗ ಬರ್ತದ?"