ಮೇಷ್ಟ್ರಿಗೆ ಒಂದು ಚಿಟಿಕೆ ಪರಾಗ

ಗಡಿಯಾರ ರಿಪೇರಿಯವನಿಗೆ ಅತ್ತೆಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದುದು ಅವರ ಜೊತೆ ಬಂದ ಎರಡು ಜೇನುಪೆಟ್ಟಿಗೆಗಳ ಮೇಲೆ. ಅವು ತಾರಸಿ ಏರಿದ ದಿನದಿಂದ ಅವನು ಮೆಟ್ಟಿಲ ಕಡೆ ತಲೆಹಾಕಿರಲಿಲ್ಲ. ಒಂದು ದಿನ ದಾರಿತಪ್ಪಿದ ನೊಣವೊಂದು ಅಂಗಡಿಗೆ ನುಗ್ಗಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದವನಿಗೆ ಅದು ಬೆಕ್ಕಿನಷ್ಟು ದೊಡ್ಡದಾಗಿ ಕಂಡು, ಅವನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದ.

"ಈ ಮನೇಲಿ ಅವಿರಬೇಕು, ಇಲ್ಲ ನಾನಿರಬೇಕು" ಎಂದ ಊಟಕ್ಕೆ ಕೂತಾಗ.

"ಪಾಪ, ಅವು ಊಟಕ್ಕೆ ಹೊರಗಡೆನೇ ಹೋಗ್ತಾವೆ. ನಿಮಗೇನು ತೊಂದರೆ?" ಎಂದರು ಅತ್ತೆ.

ಅಲ್ಲಿಂದ ಒಂದು ತಿಂಗಳು ಇಬ್ಬರೂ ಮಾತು ಬಿಟ್ಟರು. ಹೇಳುವುದೇನಿದ್ದರೂ ಹೆಂಡತಿಯ ಮೂಲಕ.

ಮನೆಯ ಮುಂಭಾಗವೇ ಅಂಗಡಿ. ಅಲ್ಲಿನ ಪಂಜರದಲ್ಲಿ ಅವನ ಜುಟ್ಟಿನ ಕಾಕಟೀಲ್ ಹಕ್ಕಿ ಇತ್ತು. ಬಂದವರನ್ನೆಲ್ಲ ಗದರಿಸುವ ಹಾಗೆ ಶಿಳ್ಳೆ ಹೊಡೆಯುತ್ತಿದ್ದುದರಿಂದ ಬೀದಿಯವರು ಅದಕ್ಕೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಇತ್ತೀಚೆಗೆ ಮೇಷ್ಟ್ರು ಶಿಳ್ಳೆ ನಿಲ್ಲಿಸಿದ್ದರು. ಎದೆಯ ಗರಿ ಉದುರಿ ಚರ್ಮ ಕಾಣುತ್ತಿತ್ತು. ಅವನು ಪಂಜರವನ್ನು ಎದೆಗವಚಿಕೊಂಡು ಪಶುವೈದ್ಯೆಯ ಹತ್ತಿರ ಓಡಿದ.

"ಏನು ಹಾಕ್ತೀರಿ ಇದಕ್ಕೆ?"

"ಸೂರ್ಯಕಾಂತಿ ಬೀಜ. ಬೇರೇನೂ ಮುಟ್ಟಲ್ಲ ಡಾಕ್ಟರಮ್ಮ."

"ಮೂರು ಹೊತ್ತೂ ಕರಿದ ತಿಂಡಿನೇ ತಿಂದ್ರೆ ನೀವು ಹೇಗಿರ್ತೀರಿ? ಸೊಪ್ಪು, ತುರಿದ ಕ್ಯಾರೆಟ್, ಬೇಯಿಸಿದ ಮೊಟ್ಟೆ ಶುರು ಮಾಡಿ. ಜೇನುನೊಣ ತರೋ ಪರಾಗ ಸಿಕ್ಕಿದ್ರೆ ಅದರ ಮೇಲೆ ಒಂದು ಚಿಟಿಕೆ ಉದುರಿಸಿ. ಪ್ರೋಟೀನ್ ಇರುತ್ತೆ, ಆದ್ರೆ ಮಾಯಾಮದ್ದು ಅಂದ್ಕೋಬೇಡಿ. ಕೀಟನಾಶಕ ಸೋಕಿರಬಾರದು, ಗುರುತಿನವರ ಹತ್ರನೇ ತಗೊಳ್ಳಿ."

ಗುರುತಿನವರು! ಅವನಿಗೆ ಗುರುತಿದ್ದ ಜೇನು ಸಾಕುವವರೆಂದರೆ ಅತ್ತೆ ಒಬ್ಬರೇ.

ಹೆಂಡತಿ ಮಧ್ಯಸ್ಥಿಕೆಗೆ ಒಪ್ಪಲಿಲ್ಲ. "ನಿಮ್ಮ ಹಕ್ಕಿ, ನಿಮ್ಮ ಅತ್ತೆ. ನೀವೇ ಕೇಳಿ" ಎಂದಳು.

ಅವನು ಅಡುಗೆಮನೆ ಬಾಗಿಲಲ್ಲಿ ನಿಂತು ಕೆಮ್ಮಿದ. "ಅತ್ತೇ... ಸ್ವಲ್ಪ ಪರಾಗ ಬೇಕಿತ್ತು. ಮೇಷ್ಟ್ರಿಗೆ."

"ನಾನೇ ಹೇಳೋಣ ಅಂತಿದ್ದೆ ಅಳಿಯಂದ್ರೇ. ಮಾತು ಬಿಟ್ಟಿದ್ವಲ್ಲ, ಹೇಗೆ ಹೇಳ್ಲಿ?" ಅತ್ತೆ ಕೈ ಒರೆಸಿಕೊಂಡರು. "ಬೆಳಿಗ್ಗೆ ಮೇಲೆ ಬನ್ನಿ. ತಟ್ಟೆ ಹಿಡಿಯೋಕೆ ಒಬ್ಬರು ಬೇಕು."

ಮರುದಿನ ಅವನು ರೇನ್‌ಕೋಟು, ಹೆಲ್ಮೆಟ್ಟು, ಕೈಗೆ ಕಾಲುಚೀಲ ತೊಟ್ಟು ತಾರಸಿ ಹತ್ತಿದ. ಅತ್ತೆ ನಗು ತಡೆದುಕೊಂಡು ಪೆಟ್ಟಿಗೆಯ ಬಾಗಿಲಿಗೆ ಹಾಕಿದ್ದ ತೂತಿನ ತಗಡು ತೋರಿಸಿದರು. ನೊಣಗಳು ಅದರಲ್ಲಿ ನುಸುಳುವಾಗ ಕಾಲಿಗಂಟಿದ ಪರಾಗದ ಉಂಡೆಗಳು ಕೆಳಗಿನ ತಟ್ಟೆಗೆ ಉದುರುತ್ತಿದ್ದವು.

"ಎರಡು ದಿನ ಇಟ್ಟು ತೆಗೆದುಬಿಡ್ತೀನಿ. ಅವುಗಳ ಮರಿಗೂ ಬೇಕಲ್ವಾ?"

ಅವನು ಬಗ್ಗಿ ನೋಡಿದ. ಇನ್ನಷ್ಟು ಬಗ್ಗಿದ. ಹೆಲ್ಮೆಟ್ ಅಡ್ಡ ಬಂತೆಂದು ಕಳಚಿಟ್ಟ.

"ಅತ್ತೆ, ಈ ಕಡೆ ತೂತಿನ ಅಂಚು ಸರಿಯಿಲ್ಲ. ಕಾಲು ಕುಯ್ಯುತ್ತೆ ಪಾಪ!"

ತಗಡು ಬಿಚ್ಚಿಸಿಕೊಂಡು ಅಂಗಡಿಯಿಂದ ಸಣ್ಣ ಅರ ತಂದು, ಪೆಟ್ಟಿಗೆಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದೇ ತೂತನ್ನು ಉಜ್ಜಿ ನುಣುಪು ಮಾಡಿದ. ಮುಗಿಸಿ ತಲೆಯೆತ್ತಿದಾಗ ಸುತ್ತಲೂ ನೊಣಗಳು ಗುಂಯ್‌ಗುಡುತ್ತಿದ್ದವು. ಅರ್ಧ ಗಂಟೆಯಿಂದ ಅವುಗಳ ನಡುವೆ ಕೂತಿದ್ದೇನೆಂದು ತಿಳಿದು ಅವನಿಗೇ ಆಶ್ಚರ್ಯವಾಯಿತು.

ಮೇಷ್ಟ್ರು ಮೊದಲ ದಿನ ಬಟ್ಟಲನ್ನೇ ಉರುಳಿಸಿದರು. ಎರಡನೆಯ ದಿನ ಬೆನ್ನು ತಿರುಗಿಸಿ ಕೂತರು. ಮೂರನೆಯ ದಿನ ಅತ್ತೆ ಪಂಜರದ ಮುಂದೆ ಕೂತು ಕ್ಯಾರೆಟ್ ತುರಿಯನ್ನು ಚಪ್ಪರಿಸಿ ತಿನ್ನತೊಡಗಿದರು. ಮೇಷ್ಟ್ರಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಹಳದಿ ಪರಾಗ ಕೊಕ್ಕಿಗೆ ಮೆತ್ತಿಕೊಳ್ಳುವಂತೆ ತಿಂದು ಬಟ್ಟಲು ಖಾಲಿ ಮಾಡಿದರು.

ಕೆಲವು ವಾರಗಳಲ್ಲಿ ಎದೆಯ ಮೇಲೆ ಮುಳ್ಳಿನಂಥ ಎಳೆಗರಿ ಎದ್ದಿತು. ಶಿಳ್ಳೆ ಮರಳಿತು. ಎಲ್ಲಾ ಪರಾಗದ ಮಹಿಮೆ ಎಂದು ಅತ್ತೆ ಬೀಗಿದರು. "ಕ್ಯಾರೆಟ್ಟಿಗೂ ಒಂದು ಪಾಲು ಕೊಡಿ" ಎಂದು ಡಾಕ್ಟರಮ್ಮ ನಕ್ಕರು. ಎದುರುಮನೆಯ ದರ್ಜಿ ತನ್ನ ಮುದಿ ನಾಯಿಗೂ ಕೇಳಿಕೊಂಡು ಬಂದಾಗ ಅತ್ತೆ, "ಮೊದಲು ಡಾಕ್ಟರಮ್ಮನ್ನ ಕೇಳ್ಕೊಂಡು ಬನ್ನಿ" ಎಂದು ವಾಪಸ್ಸು ಕಳಿಸಿದರು.

ಒಂದು ಭಾನುವಾರ ಅವನು ಕಿಟಕಿ ಮುಚ್ಚಿ ಪಂಜರ ತೆರೆದ. ಮೇಷ್ಟ್ರು ರೆಕ್ಕೆ ಬಡಿದು, ಅವನು ಚಾಚಿದ ಕೈ ದಾಟಿ, ನೇರವಾಗಿ ಅತ್ತೆಯ ಹೆಗಲ ಮೇಲೆ ಇಳಿದರು.

"ಪಕ್ಷಾಂತರ ಕಣ್ರೀ!" ಎಂದು ಹೆಂಡತಿ ಚಪ್ಪಾಳೆ ತಟ್ಟಿದಳು.

"ಇರ್ಲಿ ಬಿಡೇ" ಎಂದ ಅವನು, ನಗುತ್ತಾ. "ನಾನೂ ಆ ಕಡೆಗೇ ಸೇರಿ ಎಷ್ಟೋ ದಿನ ಆಯ್ತು."