ತಂತಿಯಲ್ಲಿ ಉಳಿದ ಬಾಬಿನ್

ತಾಯಂದಿರು ಕೆಲಸದ ನಡುವೆ ಎದ್ದುಹೋಗಿ ಮಕ್ಕಳಿಗೆ ಹಾಲೂಡಿಸಬಾರದೆಂದು ಉಡುಪು ಕಾರ್ಖಾನೆಯ ಶಿಶುಕೋಣೆಯ ಹಿಂಬಾಗಿಲಿಗೆ ಬೀಗ ಜಡಿದಿದ್ದರು. ಉಳಿದದ್ದು ಒಂದೇ ದಾರಿ, ಮುಂದಿನ ಓಣಿ. ಅದು ಗೋಡೌನಿಗೆ ತೆರೆದುಕೊಳ್ಳುವಲ್ಲಿ, ಸರಪಳಿ ಎಳೆದರೆ ಇಳಿಯುವ ಕಬ್ಬಿಣದ ಶಟರು.

ಮಧ್ಯಾಹ್ನ ಪಕ್ಕದ ಕೋಣೆಯ ಚಿಂದಿ ರಾಶಿಗೆ ಬೆಂಕಿ ಬಿದ್ದಾಗ, ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮ ಕಂಕುಳಲ್ಲೊಂದು ಹೆಗಲಲ್ಲೊಂದು ಮಗು ಎತ್ತಿಕೊಂಡು ಓಡಿದಳು. ಹೊಲಿಗೆಯವರು ನುಗ್ಗಿ, ಹೊಗೆಯಲ್ಲಿ ಕೈಗೆ ಸಿಕ್ಕ ಮಕ್ಕಳನ್ನೆಲ್ಲ ಬಾಚಿಕೊಂಡು ಬಂದರು. ಆ ಗಡಿಬಿಡಿಯಲ್ಲೂ ಆಯಮ್ಮ ಮೊಳೆಯಿಂದ ತನ್ನ ತಂತಿಯನ್ನು ಕಿತ್ತುಕೊಳ್ಳಲು ಮರೆತಿರಲಿಲ್ಲ.

ಆ ತಂತಿಯೇ ಅವಳ ಲೆಕ್ಕ. ಬೆಳಗ್ಗೆ ಮಗುವನ್ನು ಬಿಡುವ ತಾಯಿ ತನ್ನ ಮಿಷನ್ನಿನ, ತನ್ನದೇ ಬಣ್ಣದ ದಾರ ಸುತ್ತಿದ ಬಾಬಿನ್ ಒಂದನ್ನು ಅದಕ್ಕೆ ಪೋಣಿಸಬೇಕು. ಸಂಜೆ ಮಗು ತೋಳಿಗೆ, ಬಾಬಿನ್ ಮುಷ್ಟಿಗೆ. “ಬಂದ್ಳು ನೋಡ್ರೇ, ಬಾಬಿನ್ ಬ್ಯಾಂಕಿನ ಮ್ಯಾನೇಜರಮ್ಮ!” ಎಂದು ಹುಡುಗಿಯರು ಕಾಲೆಳೆಯುತ್ತಿದ್ದರು. ಎಣಿಸಲು ಬಾರದವಳೇನಲ್ಲ ಅವಳು, ಆದರೂ ನಂಬಿದ್ದು ಅಂಕಿಗಿಂತ ಹಳೆಯ ಲೆಕ್ಕವನ್ನು. ಅಂಕಿಗಳಿಗಿನ್ನೂ ಹೆಸರೇ ಇಲ್ಲದ ಕಾಲದಲ್ಲಿ ಕುರಿ ಕಾಯುವವನೊಬ್ಬ ದೊಡ್ಡಿಯಿಂದ ಹೊರಟ ಒಂದೊಂದು ಕುರಿಗೂ ಒಂದೊಂದು ಕಲ್ಲು ಎತ್ತಿಟ್ಟಿರಬೇಕು. ಸಂಜೆ ಕಲ್ಲೊಂದು ಉಳಿದರೆ ಅವನಿಗೆ ಬೇರೆ ಗಣಿತ ಬೇಕಿರಲಿಲ್ಲ, ಕೋಲು ಹಿಡಿದು ಹುಡುಕಲು ಹೊರಡುತ್ತಿದ್ದ.

ಗೋಡೌನಿನಲ್ಲಿ ಸೂಪರ್‌ವೈಸರ್ ಬೆರಳಾಡಿಸುತ್ತ ಮಕ್ಕಳ ತಲೆ ಎಣಿಸಿದ. ಬೆಳಗಿನ ಹಾಜರಿ ಹನ್ನೊಂದು, ಎದುರಿಗೂ ಹನ್ನೊಂದು.

“ಲೆಕ್ಕ ಸರಿಹೋಯ್ತು. ಆಯಮ್ಮ, ಸರಪಳಿ ನಿನ್ ಹತ್ರಾನೇ ಇದೆ, ಶಟರ್ ಇಳಿಸು. ಬೆಂಕಿ ಈ ಕಡೆ ಬಂದ್ರೆ ಮಾಲೆಲ್ಲ ಬೂದಿ.”

ಆಯಮ್ಮ ಆಗಲೇ ಬಾಬಿನ್ ಹಂಚತೊಡಗಿದ್ದಳು. ಕೆಂಪು ದಾರದವಳ ಮಗು ಅವಳ ಸೊಂಟದಲ್ಲಿತ್ತು. ನೀಲಿಯವಳದು ಸಿಕ್ಕಿತ್ತು. ಬಿಳಿಯವಳು ತನ್ನದನ್ನು ಬಿಗಿದಪ್ಪಿ ಬಿಕ್ಕುತ್ತಿದ್ದಳು. ಕೊನೆಗೆ ತಂತಿಯಲ್ಲಿ ಹಳದಿ ದಾರದ ಬಾಬಿನ್ ಉಳಿಯಿತು. ನೆಲದ ಮೇಲೆ ಮೂಗು ಸುರಿಸುತ್ತ ಒಂದು ಮಗು ಉಳಿಯಿತು.

“ಇದ್ಯಾರದ್ರೇ?”

“ನಂದು ಕಣಕ್ಕ,” ಎಂದಳು ಕಸ ಗುಡಿಸುವವಳು. “ಜ್ವರ ಅಂತ ಓಣಿ ಮೆಟ್ಟಿಲ ಕೆಳಗೆ ಮಲಗ್ಸಿದ್ದೆ, ಹೊಗೇಲಿ ಯಾರೋ ಎತ್ಕೊಂಡ್ ಬಂದ್ರು. ಗುತ್ತಿಗೆಯವರ ಮಕ್ಕಳನ್ನ ನಿಮ್ ಕೋಣೇಲಿ ಸೇರಿಸ್ಕೊಳಲ್ವಲ್ಲ.”

ಆಯಮ್ಮ ಹಳದಿ ಬಾಬಿನ್ ಎತ್ತಿ ಹಿಡಿದಳು. “ಸಾರ್, ಒಂದು ಮಗು ಒಳಗಿದೆ!”

“ಹನ್ನೊಂದು ಅಂದ್ರೆ ಹನ್ನೊಂದು ಕಣಮ್ಮ! ಎಣಿಸೋಕ್ ಬರಲ್ವಾ ನಿಂಗೆ?”

“ತಲೆ ಎಣಿಸಿದ್ರಿ. ಯಾರ ತಲೆ ಅಂತ ನೋಡಿದ್ರಾ? ಹಳದಿಯವಳ ಮಗು ಎಲ್ಲಿ, ತೋರ್ಸಿ!”

ಮೇಲಿನ ಮಹಡಿಯಿಂದ ಆಗಷ್ಟೇ ಇಳಿದು ಬಂದಿದ್ದ ಹಳದಿ ದಾರದವಳು ಈ ಮಾತು ಕೇಳಿ ಕೈಯಲ್ಲಿದ್ದ ಅರೆಹೊಲಿದ ಅಂಗಿಯನ್ನೇ ಮೂಗಿಗೊತ್ತಿಕೊಂಡು ಓಣಿಗೆ ನುಗ್ಗಿದಳು. ನೋಡನೋಡುತ್ತಲೇ ಹೊಗೆ ಅವಳನ್ನು ನುಂಗಿತು. ಇಬ್ಬರು ಬಕೆಟ್ಟಿಗೆಂದು ನಲ್ಲಿಯತ್ತ ಓಡಿದರು.

ಒಳಗೇನೋ ಸಿಡಿಯಿತು. ಬಿಸಿಗಾಳಿ ಎಲ್ಲರ ಮುಖಕ್ಕೆ ರಾಚಿತು.

“ಇಳಿಸೇ!” ಸೂಪರ್‌ವೈಸರನ ದನಿ ಕೀರಲಾಯಿತು. “ಇನ್ನೂರು ಪೆಟ್ಟಿಗೆ ಇದೆ ಇಲ್ಲಿ. ಅಲ್ಲಿ ಎರಡು ಜೀವ, ಇಲ್ಲಿ...” ಮುಂದಿನದನ್ನು ಅವನೇ ನುಂಗಿಕೊಂಡ.

“ಯಾಕ್ ನಿಲ್ಲಿಸಿದ್ರಿ? ಕಳೆದು ಹೇಳಿ ಸಾರ್, ಎಲ್ರೂ ಕೇಳ್ಲಿ.”

“ಕೆಲಸ ಹೋಗುತ್ತೆ ನಿಂದು!”

ಆಯಮ್ಮ ಬಿಸಿಯೇರಿದ ಸರಪಳಿಯನ್ನು ಮುಂಗೈಗೆ ಸುತ್ತಿಕೊಂಡು ಶಟರಿನ ನೇರ ಕೆಳಗೆ ಹೋಗಿ ನಿಂತಳು.

“ಹೋಗ್ಲಿ. ನಾನು ಇಳಿಸಲ್ಲ. ನಿಮ್ಮನ್ನ ಇಳಿಸೋಕೂ ಬಿಡಲ್ಲ.”