ಬೆಸುಗೆ ಹಾಕದ ರಿಂಗ್

ಕರಿಮಣಿ ಪೋಣಿಸುವವಳಿಗೆ ಎರಡು ವಿಷಯ ಗೊತ್ತಿರಬೇಕು. ಮಣಿಯ ತೂತಿನ ಅಂಚು ಚೂಪಾಗಿದ್ದರೆ ದಾರ ಕೊಯ್ಯುತ್ತದೆ. ಕೊಂಡಿಗೂ ಸರಕ್ಕೂ ನಡುವೆ ಬರುವ ಸಣ್ಣ ರಿಂಗ್ ತೆಳುವಾಗಿದ್ದರೆ ಇವತ್ತಲ್ಲ ನಾಳೆ ಬಾಯಿ ಬಿಡುತ್ತದೆ. ಕೊಪ್ಪದ ಹತ್ತಿರದ ಜಯಪುರದಲ್ಲಿ ಟೈಲರ್ ಅಂಗಡಿಯ ಮೂಲೆಯಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನಗೆ ಎರಡೂ ಗೊತ್ತಿತ್ತು.

ಕೊಪ್ಪದ ಸೀತಾರಾಮ ಆಚಾರಿ ರಿಂಗ್‌ಗಳ ಬಾಯಿಗೆ ಬೆಸುಗೆ ಹಾಕಿ ಕೊಡುತ್ತಿದ್ದ. ಮಾಘ ಮಾಸದಲ್ಲಿ ಅವನು ಕೊಟ್ಟದ್ದರಲ್ಲಿ ನಾಲ್ಕರ ಬೆಸುಗೆ ಒರಟಾಗಿತ್ತು. ಗಿರಾಕಿಗಳ ಎದುರೇ ಬೈದೆ. "ಹಾಗಾದ್ರೆ ಬೇರೆ ಆಚಾರಿ ನೋಡ್ಕೊ ನೀಲಾಂಬಿಕೆ" ಅಂದ. "ನೀನೊಬ್ಬನೇ ಆಚಾರಿ ಅಲ್ಲ" ಅಂತ ಎದ್ದು ಬಂದೆ. ಬೇರೆ ಆಚಾರಿಯನ್ನು ಹುಡುಕಲಿಲ್ಲ. ಫ್ಯಾನ್ಸಿ ಅಂಗಡಿಯೊಂದರಿಂದ ಚಿನ್ನದ ನೀರು ಹಾಕಿದ ರಿಂಗ್‌ಗಳ ಪ್ಯಾಕೆಟ್ ತಂದೆ. ಬೆಸುಗೆ ಇಲ್ಲದವು, ಇಕ್ಕಳದಲ್ಲಿ ಒತ್ತಿ ಮುಚ್ಚುವಂಥವು.

ಭಂಡಿಗಡಿಯ ಚೈತ್ರ ತಾಳಿ ಸರ ಹೊಸದಾಗಿ ಪೋಣಿಸಿಕೊಳ್ಳಲು ಬಂದದ್ದು ಒಂದು ಶುಕ್ರವಾರ. ಮದುವೆಯಾಗಿ ಒಂದೂವರೆ ವರ್ಷ. ಸರ ಬಿಚ್ಚಿದಾಗ ಕುತ್ತಿಗೆ ಬರಿದಾಗಿರಬಾರದೆಂದು ನಮ್ಮ ಕಡೆ ಹೆಂಗಸರು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಂಡು ಕೂರುತ್ತಾರೆ. ಹೊಸ ಸರ ಹಾಕಿಕೊಳ್ಳದೆ ಮನೆಗೆ ಹೋಗುವುದಿಲ್ಲ. ಹಾಗಾಗಿ ಅವರನ್ನು ಎದುರಿಗೆ ಕೂರಿಸಿಕೊಂಡೇ ಪೋಣಿಸಬೇಕು.

"ಗಿಡ್ಡ ಮಾಡಿ ಅಕ್ಕ. ಅತ್ತೇದರ ಹಾಗೆ ಹೊಟ್ಟೆ ತನಕ ಬೇಡ. ಹುಲ್ಲು ಕೊಯ್ಯಕ್ಕೆ ಬಗ್ಗಿದ್ರೆ ಕತ್ತಿಗೆ ಸಿಕ್ಕತ್ತೆ" ಅಂದಳು.

"ನಿನ್ನ ಅತ್ತೆ ನನ್ನ ಬೈತಾಳೆ ಮಾರಾಯ್ತಿ."

"ನಂಗೆ ದಿನಾ ಬೈತಾರೆ. ನಿಮ್ಗೆ ಒಂದಿನ ಬೈಲಿ, ಎಂತ ಆಗತ್ತೆ."

ಉದ್ದ ಸರಕ್ಕೆ ಕೊಂಡಿ ಬೇಕಿಲ್ಲ. ಸುತ್ತು ಮುಗಿಸಿ ಗಂಟು ಹಾಕಿದರೆ ತಲೆಯ ಮೇಲಿಂದ ಇಳಿಯುತ್ತದೆ. ಗಿಡ್ಡ ಸರಕ್ಕೆ ಕೊಂಡಿ ಬೇಕು, ಕೊಂಡಿಗೆ ರಿಂಗ್ ಬೇಕು. ಎರಡೆಳೆ ಕರಿಮಣಿ, ನಡುವೆ ಚಿನ್ನದ ಗುಂಡು, ಕೆಳಗೆ ತಾಳಿ. ಅಷ್ಟೂ ಭಾರ ಆ ಒಂದು ರಿಂಗ್ ಮೇಲೆ. ಪ್ಯಾಕೆಟ್ಟಿಂದ ಒಂದು ತೆಗೆದು ಉಗುರಿನಲ್ಲಿ ಒತ್ತಿದೆ. ಬಾಗಿತು. ಬಾಗಿದ್ದನ್ನು ಕಣ್ಣಾರೆ ಕಂಡೆ.

"ಗಟ್ಟಿ ಉಂಟಲ್ಲ ಅಕ್ಕ?" ಅಂತ ಕೇಳಿದಳು.

ನನಗೆ ಸಿಟ್ಟು ಬಂತು. "ಇಷ್ಟು ವರ್ಷದಲ್ಲಿ ನಾನು ಕಟ್ಟಿದ ಒಂದು ಸರ ಹರಿದದ್ದು ಯಾರಾದ್ರೂ ಹೇಳಿದ್ದಾರಾ ನಿಂಗೆ?" ಅಂದೆ. ಇಕ್ಕಳದಲ್ಲಿ ಒತ್ತಿ ಮುಚ್ಚಿ ಅವಳ ಕೊರಳಿಗೆ ಹಾಕಿದೆ.

ಇಪ್ಪತ್ತು ದಿನದ ಮೇಲೆ ಅವರ ನೆಂಟರ ಮನೆಯ ಊಟದಲ್ಲಿ, ಅನ್ನದ ಪಾತ್ರೆ ಹಿಡಿದು ಬಗ್ಗಿ ಬಡಿಸುವಾಗ, ಸರ ಜಾರಿ ಎಲೆಯ ಮೇಲೆ ಬಿತ್ತಂತೆ. ಪಂಕ್ತಿಯಲ್ಲಿ ಕೂತವರೆಲ್ಲ ನೋಡಿದರು. ಅತ್ತೆ ಅನ್ನಮ್ಮನೂ ನೋಡಿದಳು. ಮೂರನೇ ದಿನ ಚೈತ್ರಳ ಗಂಡ ವಿಜಯ್ ಕೊಪ್ಪದ ರಸ್ತೆಯ ತಿರುವಿನಲ್ಲಿ ಬೈಕಿನಿಂದ ಬಿದ್ದ. ತೊಡೆಯ ಮೂಳೆ ಎರಡು ತುಂಡು. ಅವನು ಆಸ್ಪತ್ರೆಯಿಂದ ಬರುವ ಮೊದಲೇ ಅನ್ನಮ್ಮ ಸೊಸೆಯನ್ನು ಮುತ್ತಿನಕೊಪ್ಪದ ತವರಿಗೆ ಕಳಿಸಿದ್ದಳು.

ಟೈಲರ್ ಅಂಗಡಿಗೆ ರವಿಕೆ ಹೊಲಿಸಲು ಬಂದ ಹೆಂಗಸೊಬ್ಬಳು ಇದನ್ನು ಹೇಳಿದಳು. ಆ ಸರ ಕಟ್ಟಿದ್ದು ನಾನು ಅಂತ ಅವಳಿಗೆ ಗೊತ್ತಿರಲಿಲ್ಲ. "ಕಾಲ್ಗುಣ" ಅಂದಳು.

ಆ ಪ್ಯಾಕೆಟ್ಟಿನ ರಿಂಗ್ ಹಾಕಿದ್ದು ಇನ್ನೂ ಹದಿಮೂರು ಜನಕ್ಕೆ. ಎಲ್ಲರಿಗೂ ಫೋನ್ ಮಾಡಿ ಕರೆಸಿದೆ. ಸೀತಾರಾಮನ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತು, ಬೆಸುಗೆ ಹಾಕಿದ್ದನ್ನು ತಂದು ಬದಲಾಯಿಸಿದೆ. ಆಮೇಲೆ ಭಂಡಿಗಡಿಗೆ ಹೋದೆ.

ಅನ್ನಮ್ಮ ಜಗಲಿಯಲ್ಲಿ ಕೂತಿದ್ದಳು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. "ತಪ್ಪು ನಂದು. ರಿಂಗ್ ತೆಳು ಇತ್ತು, ಗೊತ್ತಿದ್ದೂ ಹಾಕಿದೆ. ಹುಡುಗೀನ ವಾಪಸ್ ಕರ್ಕೊ" ಅಂದೆ.

ಅವಳು ಸಿಟ್ಟಾಗಲಿಲ್ಲ. "ಅಂಥದ್ದೇ ಎಷ್ಟು ಜನಕ್ಕೆ ಹಾಕಿದ್ದೆ?" ಅಂತ ಕೇಳಿದಳು.

"ಇನ್ನೂ ಹದಿಮೂರು. ಎಲ್ಲ ಬದಲಾಯಿಸಿ ಕೊಟ್ಟೆ."

"ಬದಲಾಯಿಸೋ ತನಕ ಅವರದ್ದು ಬಿತ್ತಾ?"

"ಇಲ್ಲ."

"ಇವಳದ್ದೇ ಎಂತಕ್ಕೆ ಬಿತ್ತು? ನೀನೇ ಹೇಳು."

"ಬಗ್ಗಿ ದುಡಿಯೋ ಕುತ್ತಿಗೆ ಅದು. ನಿನ್ನ ಕೊಟ್ಟಿಗೆ, ನಿನ್ನ ಹುಲ್ಲು, ನಿನ್ನ ನೆಂಟರ ಎಂಜಲೆಲೆ. ಕೂತು ತಿನ್ನೋರ ಸರ ಬೀಳಲ್ಲ."

ಹಾಗೆ ಹೇಳಬಾರದಿತ್ತು. ಬೇಡಿಕೊಳ್ಳಲು ಹೋದವಳು ಜಗಳಕ್ಕೆ ನಿಂತೆ. "ಅವಳೇ ಕಳಿಸಿದ್ದಾಳೆ ನಿನ್ನ, ಬಾಯಿ ಮಾಡಕ್ಕೆ" ಅಂತ ಅನ್ನಮ್ಮ ಎದ್ದು ಹಿತ್ತಲಿಗೆ ಹೋದಳು.

ನಾನು ಕೇಳದೆ ಒಳಗೆ ಹೋದೆ. ವಿಜಯ್ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ. ಜಗಲಿಯ ಮಾತೆಲ್ಲ ಅವನಿಗೆ ಕೇಳಿತ್ತು.

"ನೀನು ಓದಿದವನು. ರಿಂಗ್ ಬಾಯಿ ಬಿಟ್ಟಿದ್ದಕ್ಕೂ ನಿನ್ನ ಬೈಕಿಗೂ ಎಂತ ಸಂಬಂಧ?" ಅಂದೆ.

"ಸಂಬಂಧ ಇಲ್ಲ ಅಕ್ಕ. ನಂಗೂ ಗೊತ್ತು" ಅಂದ. ನನಗೆ ಜೀವ ಬಂದಂತಾಯಿತು. ಅವನು ಮಾತು ನಿಲ್ಲಿಸಲಿಲ್ಲ. "ಆದ್ರೆ ಬೈಕ್ ಜಾರೋವಾಗ ನಂಗೆ ನೆನಪಾಗಿದ್ದು ಅದೇ. ಎಲೆ ಮೇಲೆ ಬಿದ್ದ ಸರ."

"ಬ್ರೇಕು ನೆನಪಾಗ್ಲಿಲ್ವಾ?"

"ಇಲ್ಲ." ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಅವಳು ಒಳ್ಳೇಳು ಅಕ್ಕ. ಆದ್ರೆ ಪಕ್ಕದಲ್ಲಿ ಅವಳಿದ್ರೆ ನಂಗಿನ್ನು ನಿದ್ರೆ ಬರಲ್ಲ. ಹೆದರಿಕೆ ಆಗತ್ತೆ."

"ಹಾಗಾದ್ರೆ ಕರೆಸಲ್ವಾ?"

"ಕಾಲು ಸರಿಯಾಗ್ಲಿ. ನೋಡುವ."

ಅನ್ನಮ್ಮನ ಜೊತೆ ಜಗಳ ಆಡಬಹುದು. ಹೆದರಿದವನ ಜೊತೆ ಎಂತ ಜಗಳ ಆಡುವುದು.

ಮರುದಿನ ಮುತ್ತಿನಕೊಪ್ಪಕ್ಕೆ ಹೋದೆ. ಚೈತ್ರ ಅಣ್ಣನ ಮನೆಯ ಹಿಂದೆ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ಕಂಡವಳೇ ಕೈ ತೊಳೆಯದೆ ಎದ್ದು ಬಂದಳು.

"ಭಂಡಿಗಡಿಗೆ ಹೋಗಿದ್ರಂತೆ. ಅವರನ್ನ ಕಂಡ್ರಾ? ಎಂತ ಹೇಳಿದ್ರು?"

ಅತ್ತೆಯ ವಿಷಯ ಕೇಳಲಿಲ್ಲ. ಇಪ್ಪತ್ತೈದು ದಿನದಿಂದ ಅವಳು ಕಾಯುತ್ತಿದ್ದದ್ದು ಅವನ ಒಂದು ಮಾತಿಗೆ. ಸುಳ್ಳು ಹೇಳಬಹುದಿತ್ತು. ನನಗೆ ಬರುವುದಿಲ್ಲ. ಅವನು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಅವಳು ಬೂದಿ ಮೆತ್ತಿದ ಕೈಯನ್ನು ನೋಡುತ್ತಾ ಕೇಳಿಸಿಕೊಂಡಳು.

"ತಪ್ಪು ನಂದು ಚೈತ್ರ. ಆ ರಿಂಗ್ ಬಾಗಿದ್ದು ನಾನು ನೋಡಿದ್ದೆ. ಎಲ್ಲರ ಎದುರೂ ಬೇಕಾದ್ರೆ ಹೇಳ್ತೇನೆ. ಪಂಚಾಯ್ತಿ ಸೇರಿಸು, ಅಲ್ಲೂ ಹೇಳ್ತೇನೆ."

"ಬೇಡ ಅಕ್ಕ. ನೀವು ಹೇಳಿದಷ್ಟೂ ಜನ ಅದನ್ನೇ ಮಾತಾಡ್ತಾರೆ. ಇಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು."

ಪಕ್ಕದ ಮನೆಯ ಹೆಂಗಸು ಬಾವಿಕಟ್ಟೆಯಲ್ಲಿ ಕೊಡ ಹಿಡಿದು ನಿಂತಿದ್ದಳು. ನನ್ನ ದನಿ ಯಾವಾಗಲೂ ದೊಡ್ಡದೇ.

"ಅದು ರಿಂಗ್ ಮಾತ್ರ ಮಾರಾಯ್ತಿ. ನೀನಾದ್ರೂ ನಂಬು" ಅಂತ ಮೆಲ್ಲಗೆ ಅಂದೆ.

"ಸರ ಬಿದ್ದ ಮೇಲೆ ಎರಡು ದಿನ ಅವರು ಬೈಕ್ ಹತ್ತಿದಾಗೆಲ್ಲ ವಾಪಸ್ ಬರೋ ತನಕ ನಾನು ಜಗಲಿಯಲ್ಲೇ ನಿಂತಿರ್ತಿದ್ದೆ" ಅಂದಳು. "ಮೂರನೇ ದಿನ ಹಾಗಾಯ್ತು. ಇನ್ನು ವಾಪಸ್ ಹೋಗಿ ಅವರಿಗೆ ಮತ್ತೆಂತಾದ್ರೂ ಆದ್ರೆ? ಅವರು ಕರೆದ್ರೂ ನಾನು ಹೋಗ್ತಿದ್ನೋ ಇಲ್ವೋ."

ನನ್ನ ತಪ್ಪನ್ನು ನಾನು ಹೊರಲು ತಯಾರಿದ್ದೆ. ಯಾರೂ ಅದನ್ನು ನನಗೆ ಕೊಡಲಿಲ್ಲ. ಎಲ್ಲರೂ ಸೇರಿ ಅವಳ ತಲೆಗೇ ಹೊರಿಸಿದ್ದರು. ಅವಳೂ ಅದಕ್ಕೆ ಕೈ ಜೋಡಿಸಿದ್ದಳು.

"ಬಸ್ಸಿಗೆ ಹೊತ್ತಾಯ್ತು, ಹೊರಡಿ ಅಕ್ಕ" ಅಂದು ಉಳಿದ ಪಾತ್ರೆ ತೊಳೆದು ಬುಟ್ಟಿಗೆ ಹಾಕಿಕೊಂಡು ಒಳಗೆ ಹೋದಳು. ನಾನು ಮನೆಯ ಬದಿಯಿಂದ ರಸ್ತೆಗೆ ನಡೆದೆ. ಅಡುಗೆಮನೆಯ ಕಿಟಕಿಯ ಹತ್ತಿರ ಅವಳ ದನಿ ಕೇಳಿತು.

"ಅತ್ತಿಗೆ, ರಾತ್ರಿಗೆ ಎಂತ ಮಾಡೂದು?"

"ಎಂತಾದ್ರೂ ಮಾಡು" ಅಂದಳು ಅಣ್ಣನ ಹೆಂಡತಿ. "ಇನ್ನು ದಿನಾ ಮಾಡೋಳು ನೀನೇ ಅಲ್ವಾ, ಕೇಳ್ಬೇಡ."